ಹೊಸ ಗಣಕದೊಳಗೆ ಹಳೆಯ ವಿಂಡೋಸ್ ಎಕ್ಸ್‌ಪಿ: ಮುದ್ರಣಾಲಯದ ಕೆಲಸಕ್ಕೆ ವರ್ಚುವಲ್ ಯಂತ್ರ ಸಾಕಾದೀತೇ?

ಅಚ್ಚಿನಮನೆ | ಸೋಮವಾರ, ಬೆಳಿಗ್ಗೆ 10.20

ಎಲ್ಲರಿಗೂ ನಮಸ್ಕಾರ. ಶಿರಸಿಯ ಹತ್ತಿರ ನಮ್ಮದೊಂದು ಸಣ್ಣ ಮುದ್ರಣಾಲಯವಿದೆ. ತಂದೆಯವರು ನಡೆಸುತ್ತಿದ್ದುದನ್ನು ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಹಕಾರ ಸಂಘಗಳ ವಾರ್ಷಿಕ ವರದಿ, ಆಗೊಮ್ಮೆ ಈಗೊಮ್ಮೆ ಒಂದು ಸ್ಮರಣ ಸಂಚಿಕೆ, ಇಷ್ಟೇ ನಮ್ಮ ಕೆಲಸ. ಇದುವರೆಗಿನ ಪುಟವಿನ್ಯಾಸವೆಲ್ಲ ವಿಂಡೋಸ್ ಎಕ್ಸ್‌ಪಿ ಇರುವ ಒಂದೇ ಹಳೆಯ ಗಣಕದಲ್ಲಿ, ಪೇಜ್‌ಮೇಕರ್ 7ರಲ್ಲಿ ನಡೆದಿದೆ. ಆ ಗಣಕದ ಮದರ್‌ಬೋರ್ಡಿನ ಕೆಪಾಸಿಟರುಗಳು ಉಬ್ಬಿವೆ. ಮೂರು ಸಲ ಗುಂಡಿ ಒತ್ತಿದರೆ ಒಮ್ಮೆ ಎದ್ದೇಳುತ್ತದೆ. ರಿಪೇರಿಯವರು ‘ಇನ್ನು ಇದಕ್ಕೆ ದುಡ್ಡು ಹಾಕಬೇಡಿ’ ಎಂದು ಹೇಳಿದ್ದಾರೆ.

ಹೊಸ ಗಣಕ ಕೊಂಡಿದ್ದೇನೆ. ಅದರಲ್ಲಿ ವಿಂಡೋಸ್ 11 ಹೋಮ್ ಆವೃತ್ತಿ, 8 ಜಿಬಿ ರ‍್ಯಾಮ್ ಹಾಗೂ 512 ಜಿಬಿ ಎಸ್‌ಎಸ್‌ಡಿ ಇವೆ. ಹಳೆಯ ಕಡತಗಳು ಎರಡು ಬಗೆಯವು. 2006ರವರೆಗಿನವು ಹಣ ಕೊಟ್ಟು ಕೊಂಡ ಒಂದು ಕನ್ನಡ ತಂತ್ರಾಂಶದ ಅಕ್ಷರಗಳಲ್ಲಿವೆ. ಆ ತಂತ್ರಾಂಶಕ್ಕೆ ಪ್ರಿಂಟರ್ ಪೋರ್ಟಿನ ಹಿಂದೆ ಚುಚ್ಚುವ ಒಂದು ಹಾರ್ಡ್‌ವೇರ್ ಲಾಕ್ ಇದೆ, ಅದು ಇಲ್ಲದಿದ್ದರೆ ತೆರೆಯುವುದೇ ಇಲ್ಲ. ಆನಂತರದ ಕಡತಗಳೆಲ್ಲ ನುಡಿ ಫಾಂಟುಗಳಲ್ಲಿವೆ. ಹೊಸ ಗಣಕದಲ್ಲಿ ಲಾಕಿನ ಚಾಲಕ ತಂತ್ರಾಂಶವನ್ನು ಹಾಕಲು ಹೋದರೆ ಅದು ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತದೆ. ಅಕ್ಕನ ಮಗ ‘ಮಾವ, ವರ್ಚುವಲ್‌ಬಾಕ್ಸ್ ಹಾಕಿ ಒಳಗೆ ಎಕ್ಸ್‌ಪಿ ಓಡಿಸು’ ಎಂದ. ಒಂದು ಗಣಕದೊಳಗೆ ಇನ್ನೊಂದು ಗಣಕವನ್ನು, ಅಂದರೆ ವರ್ಚುವಲ್ ಯಂತ್ರವನ್ನು, ನಡೆಸುವ ತಂತ್ರಾಂಶವಂತೆ ಅದು. ಗಣಕದೊಳಗೆ ಗಣಕ ಎಂದರೆ ಪುಟ ಜೋಡಿಸುವಾಗ ತೆವಳುವುದಿಲ್ಲವೇ, ಲಾಕ್ ನಡೆದೀತೇ, ಅಲ್ಲಿಂದ ಮುದ್ರಣ ತೆಗೆಯುವುದು ಹೇಗೆ ಎಂಬ ಗೊಂದಲಗಳಿವೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ನಿಧಾನಿ | ಸೋಮವಾರ, ಬೆಳಿಗ್ಗೆ 10.41

ಎಲ್ಲಕ್ಕಿಂತ ಮೊದಲು ಆ ಹಳೆಯ ಗಣಕದ ಹಾರ್ಡ್ ಡಿಸ್ಕನ್ನು ಇಂದೇ ನಕಲು ಮಾಡಿಕೊಳ್ಳಿ, ಚರ್ಚೆ ಆಮೇಲೆ ನಡೆಯಲಿ.

ಹಾಸನದಹುಡುಗ | ಸೋಮವಾರ, ಬೆಳಿಗ್ಗೆ 11.05

ವರ್ಚುವಲ್ ಯಂತ್ರವೇ ಏಕೆ ಬೇಕು ಎಂಬುದು ನನಗೆ ಅರ್ಥವಾಗಲಿಲ್ಲ. ಪೇಜ್‌ಮೇಕರ್ 7 ಒಂದು 32 ಬಿಟ್ ತಂತ್ರಾಂಶ, ಅಂದರೆ ಹಿಂದಿನ ಪೀಳಿಗೆಯ ಗಣಕಗಳಿಗೆ ಬರೆದದ್ದು. ಈಗಿನ 64 ಬಿಟ್ ವಿಂಡೋಸಿನಲ್ಲಿಯೂ 32 ಬಿಟ್ ತಂತ್ರಾಂಶಗಳು ನೇರವಾಗಿ ನಡೆಯುತ್ತವೆ. ನಮ್ಮ ಪರಿಚಯದ ಡಿಟಿಪಿ ಕೇಂದ್ರದಲ್ಲಿ ವಿಂಡೋಸ್ 10ರ ಮೇಲೆಯೇ ಅದನ್ನು ಇಂದಿಗೂ ಬಳಸುತ್ತಿದ್ದಾರೆ.

ಪರದೆಯಾಚೆ | ಸೋಮವಾರ, ಬೆಳಿಗ್ಗೆ 11.38

ನಿಮ್ಮ ಮಾತು ಅರ್ಧ ಸರಿ. 32 ಬಿಟ್ ಅನ್ವಯ ತಂತ್ರಾಂಶಗಳು ನಡೆಯುತ್ತವೆ, ಆದರೆ 32 ಬಿಟ್ ಚಾಲಕಗಳು ನಡೆಯುವುದಿಲ್ಲ. ಚಾಲಕ ಎಂಬುದು ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನೆಲ್ಲಿನೊಳಗೆ ಕುಳಿತುಕೊಳ್ಳುವ ವಸ್ತು. 64 ಬಿಟ್ ಕರ್ನೆಲ್ಲಿಗೆ 64 ಬಿಟ್ ಚಾಲಕವೇ ಬೇಕು, ಅದರ ಮೇಲೆ ಡಿಜಿಟಲ್ ಸಹಿಯೂ ಇರಬೇಕು. 2000ದ ಆಸುಪಾಸಿನಲ್ಲಿ ಮಾಡಿದ ಲಾಕಿಗೆ ಇವೆರಡೂ ಇರುವ ಸಾಧ್ಯತೆ ಕಡಿಮೆ. ಇನ್ನೊಂದು ಸಂಗತಿಯೆಂದರೆ, ಆ ಕಾಲದ ಕೆಲವು ತಂತ್ರಾಂಶಗಳ ಸೆಟಪ್ ಕಡತವೇ 16 ಬಿಟ್ಟಿನದಾಗಿರುತ್ತಿತ್ತು. ಅದನ್ನು ಯಾವ 64 ಬಿಟ್ ವಿಂಡೋಸೂ ತೆರೆಯುವುದಿಲ್ಲ. ಅಚ್ಚಿನಮನೆಯವರು ಮೊದಲ ಹೆಜ್ಜೆಯಲ್ಲೇ ನಿಂತದ್ದು ಇವೆರಡರಲ್ಲಿ ಒಂದು ಕಾರಣದಿಂದ ಇರಬೇಕು.

ಇಂಥ ಸಂದರ್ಭಕ್ಕೆ ವರ್ಚುವಲ್ ಯಂತ್ರ ಹೇಳಿ ಮಾಡಿಸಿದಂತಿದೆ. ನಿಮ್ಮ ವಿಂಡೋಸ್ 11 ಇಲ್ಲಿ ಆತಿಥೇಯ, ಎಕ್ಸ್‌ಪಿ ಅತಿಥಿ. ಅತಿಥಿಗೆ ತಾನೊಂದು ಪೂರ್ತಿ ಗಣಕದ ಮೇಲೆಯೇ ಇದ್ದೇನೆ ಎಂಬ ಭಾವನೆ ಇರುತ್ತದೆ. ಅದರ ಹಾರ್ಡ್ ಡಿಸ್ಕು ಮಾತ್ರ ನಿಜವಾಗಿ ನಿಮ್ಮ ಎಸ್‌ಎಸ್‌ಡಿಯ ಮೇಲಿನ ಒಂದು ದೊಡ್ಡ ಕಡತವಾಗಿರುತ್ತದೆ. ತೆವಳುವ ಚಿಂತೆ ಬೇಡ. ಇಂಟೆಲ್ ಕಂಪನಿಯು 2005ರಲ್ಲಿಯೂ ಎಎಂಡಿ ಕಂಪನಿಯು 2006ರಲ್ಲಿಯೂ ಇದಕ್ಕೆಂದೇ ಸಂಸ್ಕಾರಕದೊಳಗೆ ವಿಶೇಷ ಸೌಲಭ್ಯವನ್ನು ಸೇರಿಸಿದ ಮೇಲೆ ಅತಿಥಿಯ ಬಹುಪಾಲು ಸೂಚನೆಗಳು ನೇರವಾಗಿ ಸಂಸ್ಕಾರಕದಲ್ಲೇ ನಡೆಯುತ್ತವೆ. ಎಕ್ಸ್‌ಪಿಗೆ 1 ಜಿಬಿ ರ‍್ಯಾಮ್ ಕೊಟ್ಟರೆ ಧಾರಾಳವಾಯಿತು. ಎಸ್‌ಎಸ್‌ಡಿಯ ಮೇಲೆ ಅದು ನಿಮ್ಮ ಹಳೆಯ ಪೆಟ್ಟಿಗೆಗಿಂತ ಬೇಗ ಎದ್ದೇಳುವುದನ್ನು ನೀವೇ ನೋಡುವಿರಿ.

ಟಕ್ಸ್‌ಬಳಗ | ಸೋಮವಾರ, ಮಧ್ಯಾಹ್ನ 12.15

ಇದೇ ಅವಕಾಶದಲ್ಲಿ ಆತಿಥೇಯವನ್ನು ಲಿನಕ್ಸಿಗೆ ಬದಲಾಯಿಸಿಕೊಳ್ಳಬಾರದೇಕೆ? ಲಿನಕ್ಸ್ ಕರ್ನೆಲ್ಲಿನಲ್ಲಿಯೇ 2007ರಿಂದ ವರ್ಚುವಲ್ ಯಂತ್ರ ನಡೆಸುವ ಕೆವಿಎಂ ಎಂಬ ವ್ಯವಸ್ಥೆ ಇದೆ. ಅದರ ಮೇಲೆ ವರ್ಟ್-ಮ್ಯಾನೇಜರ್ ಎಂಬ ನಿರ್ವಹಣೆಯ ತಂತ್ರಾಂಶ ಹಾಕಿಕೊಂಡರೆ ಬೇರೆ ಕಂಪನಿಯ ಹಂಗಿಲ್ಲದೆ ಎಕ್ಸ್‌ಪಿ ನಡೆಯುತ್ತದೆ. ವರ್ಚುವಲ್‌ಬಾಕ್ಸ್ ಮೊದಲು ಜರ್ಮನಿಯ ಇನ್ನೋಟೆಕ್ ಎಂಬ ಕಂಪನಿಯ ಕೈಯಲ್ಲಿತ್ತು, 2008ರಲ್ಲಿ ಸನ್ ಕೈಗೆ ಹೋಯಿತು, 2010ರಲ್ಲಿ ಸನ್ ಕಂಪನಿಯೇ ಒರಾಕಲ್ ಪಾಲಾಯಿತು. ಇದೇ ಬಗೆಯ ತಂತ್ರಾಂಶ ಮಾಡುವ ವಿಎಂವೇರ್ ಕಂಪನಿಯನ್ನು 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕೊಂಡಿತು. ನಾಳೆ ಯಾರು ಯಾವುದನ್ನು ಯಾರಿಗೆ ಮಾರುವರೋ ಬಲ್ಲವರಿಲ್ಲ.

ಪ್ಲೇಟ್‌ಮೇಕರ್ | ಸೋಮವಾರ, ಮಧ್ಯಾಹ್ನ 12.33

ಟಕ್ಸ್‌ಬಳಗದವರೇ, ಅವರು ಕೇಳಿದ್ದು ಲಗ್ನಪತ್ರಿಕೆ ಅಚ್ಚು ಹಾಕುವ ದಾರಿಯನ್ನು. ನೀವು ಮನೆಯನ್ನೇ ಬದಲಾಯಿಸಲು ಹೇಳುತ್ತಿದ್ದೀರಿ. ಮದುವೆಯ ಋತುವಿನಲ್ಲಿ ಮುದ್ರಣಾಲಯದವರು ಹೊಸ ಕಾರ್ಯಾಚರಣೆ ವ್ಯವಸ್ಥೆ ಕಲಿಯುತ್ತಾ ಕೂರಲು ಸಾಧ್ಯವಿಲ್ಲ.

ಟಕ್ಸ್‌ಬಳಗ | ಸೋಮವಾರ, ಮಧ್ಯಾಹ್ನ 12.50

ಒಪ್ಪಿದೆ. ಆದರೂ ಲಾಕ್ ಇರುವುದು ಪ್ರಿಂಟರ್ ಪೋರ್ಟಿನಲ್ಲಿ ಎಂಬುದನ್ನು ಮರೆಯಬೇಡಿ. ಹೊಸ ಗಣಕದಲ್ಲಿ ಆ 25 ಪಿನ್ನಿನ ಪೋರ್ಟೇ ಇರುವುದಿಲ್ಲ. ಅದಕ್ಕೊಂದು ಪಿಸಿಐ ಎಕ್ಸ್‌ಪ್ರೆಸ್ ಕಾರ್ಡು ಹಾಕಿ, ಕ್ಯುಎಮು ಎಂಬ ವರ್ಚುವಲ್ ಯಂತ್ರದ ತಂತ್ರಾಂಶದ ಮೂಲಕ ಆ ಪೋರ್ಟನ್ನು ಅತಿಥಿಗೆ ದಾಟಿಸುವ ಸೌಲಭ್ಯ ಲಿನಕ್ಸಿನಲ್ಲಿ ಇರುವುದರಿಂದಲೇ ನಾನು ಆ ಮಾತು ಎತ್ತಿದೆ.

ಅಚ್ಚಿನಮನೆ | ಸೋಮವಾರ, ಮಧ್ಯಾಹ್ನ 1.30

ಯುಎಸ್‌ಬಿಯಿಂದ ಪ್ರಿಂಟರ್ ಪೋರ್ಟಿಗೆ ಹೋಗುವ ಒಂದು ಕೇಬಲ್ಲು ಕಡಿಮೆ ಬೆಲೆಗೆ ಸಿಗುತ್ತದೆ ಎಂದು ಅಂಗಡಿಯವರು ಹೇಳಿದರು. ಅದರಲ್ಲಿ ಲಾಕ್ ಚುಚ್ಚಿದರೆ ಆಗುವುದಿಲ್ಲವೇ?

ಪರದೆಯಾಚೆ | ಸೋಮವಾರ, ಮಧ್ಯಾಹ್ನ 1.44

ಆಗುವುದಿಲ್ಲ, ದಯವಿಟ್ಟು ಕೊಳ್ಳಬೇಡಿ. ಆ ಕೇಬಲ್ಲು ಗಣಕಕ್ಕೆ ‘ನಾನೊಂದು ಯುಎಸ್‌ಬಿ ಪ್ರಿಂಟರ್’ ಎಂದು ಪರಿಚಯಿಸಿಕೊಳ್ಳುತ್ತದೆಯೇ ಹೊರತು ನಿಜವಾದ ಪೋರ್ಟನ್ನು ಕೊಡುವುದಿಲ್ಲ. ಲಾಕಿನ ಚಾಲಕವು ಪೋರ್ಟಿನ ಒಂದೊಂದು ತಂತಿಯನ್ನೂ ನೇರವಾಗಿ ಮುಟ್ಟಿ ಮಾತನಾಡುವ ಜಾತಿಯದು. ಯುಎಸ್‌ಬಿ ಲಾಕ್ ಆಗಿದ್ದರೆ ಅತಿಥಿಗೆ ದಾಟಿಸುವುದು ಎರಡು ಕ್ಲಿಕ್ಕಿನ ಕೆಲಸವಾಗಿರುತ್ತಿತ್ತು.

ಕೀಲಿಮಣೆ_ಕಿಟ್ಟಣ್ಣ | ಸೋಮವಾರ, ಸಂಜೆ 4.10

ಇಷ್ಟೆಲ್ಲ ಓದಿದ ಮೇಲೆ ನನಗೊಂದು ಮೂಲಭೂತ ಪ್ರಶ್ನೆ ಉಳಿದಿದೆ. ಆ ಲಾಕ್ ನಿಮಗೆ ನಿಜವಾಗಿ ಬೇಕೇ?

ನಾನು 1999ರಿಂದ 12 ವರ್ಷ ಡಿಟಿಪಿ ಮಾಡಿದವನು. ಅಂದಿನ ಕನ್ನಡ ತಂತ್ರಾಂಶಗಳಲ್ಲಿ ಎರಡು ಭಾಗಗಳಿರುತ್ತಿದ್ದವು. ಒಂದು ಫಾಂಟು, ಇನ್ನೊಂದು ಕೀಲಿಮಣೆಯ ಚಾಲಕ. ನಾವು ‘ಕ’ ಒತ್ತಿದಾಗ ಅದನ್ನು ಫಾಂಟಿನ ಯಾವ ಚೂರಿಗೆ ಜೋಡಿಸಬೇಕು, ದೀರ್ಘ ಎಲ್ಲಿ ಹಾಕಬೇಕು, ಒತ್ತು ಎಲ್ಲಿ ಕೂರಿಸಬೇಕು ಎಂಬುದನ್ನು ನಿರ್ಧರಿಸುತ್ತಿದ್ದುದು ಕೀಲಿಮಣೆಯ ಭಾಗ. ಬಹಳಷ್ಟು ಕಡೆ ಲಾಕ್ ಕಾಯುತ್ತಿದ್ದುದು ಅದನ್ನೇ. ಫಾಂಟುಗಳು ಮಾಮೂಲಿ ಟ್ರೂಟೈಪ್ ಕಡತಗಳಾಗಿ ವಿಂಡೋಸಿನ ಫಾಂಟ್ಸ್ ಫೋಲ್ಡರಿನಲ್ಲಿ ಹೋಗಿ ಕೂರುತ್ತಿದ್ದವು. ಒಮ್ಮೆ ಟೈಪಾದ ಪುಟವನ್ನು ತೆರೆದು ನೋಡಲು, ಮುದ್ರಿಸಲು ಫಾಂಟು ಇದ್ದರೆ ಸಾಕು.

ಹಳೆಯ ಗಣಕ ಇನ್ನೊಮ್ಮೆ ಎದ್ದಾಗ ಲಾಕನ್ನು ಕಿತ್ತಿಟ್ಟು, ಆ ಕನ್ನಡ ತಂತ್ರಾಂಶವನ್ನು ತೆರೆಯದೆ, ನೇರವಾಗಿ ಪೇಜ್‌ಮೇಕರಿನಲ್ಲಿ 2004ರ ಯಾವುದಾದರೂ ಒಂದು ಕಡತವನ್ನು ತೆರೆದು ನೋಡಿ. ಅಕ್ಷರಗಳು ಸರಿಯಾಗಿ ಕಂಡರೆ ನಿಮ್ಮ ಅರ್ಧ ತಲೆನೋವು ಅಲ್ಲಿಗೇ ಮುಗಿಯಿತು. ಹಣ ಕೊಟ್ಟು ಕೊಂಡ ಫಾಂಟುಗಳು ನಿಮ್ಮವೇ ಆದ್ದರಿಂದ ಅವನ್ನು ಒಯ್ದುಕೊಳ್ಳುವುದರಲ್ಲಿ ಸಂಕೋಚ ಬೇಡ, ಆದರೂ ಪರವಾನಗಿ ಪತ್ರವನ್ನು ಒಮ್ಮೆ ಓದಿಕೊಳ್ಳಿ.

ನಿಧಾನಿ | ಸೋಮವಾರ, ಸಂಜೆ 4.22

ಬೆಳಗ್ಗೆಯಿಂದ ನಡೆದ ಚರ್ಚೆಯಲ್ಲಿ ಇದೊಂದು ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ ಎಂಬುದು ಆಶ್ಚರ್ಯ.

ಸಂಕೇತಾಕ್ಷರ | ಸೋಮವಾರ, ರಾತ್ರಿ 8.05

ಕ್ಷಮಿಸಿ, ನನಗೆ ಈ ದಾರಿಯೇ ಒಪ್ಪಿಗೆಯಾಗುವುದಿಲ್ಲ. ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ ನಿಂತದ್ದು 2014ರ ಏಪ್ರಿಲ್ 8ರಂದು. ಎಲ್ಲ ಲಿಪಿಗಳಿಗೂ ಸೇರಿದ ಒಂದೇ ಸಂಕೇತ ವ್ಯವಸ್ಥೆಯಾದ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿದೆ. ಇಷ್ಟು ವರ್ಷಗಳ ನಂತರವೂ ಹಳೆಯ ಫಾಂಟುಗಳ ಚೂರುಗಳನ್ನು ಉಳಿಸಿಕೊಳ್ಳಲು ಒಂದು ಸತ್ತ ವ್ಯವಸ್ಥೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಉಸಿರಾಡಿಸುವುದು ಸಮಸ್ಯೆಯನ್ನು ಮುಂದೂಡುವುದೇ ಹೊರತು ಪರಿಹಾರವಲ್ಲ. ಎಲ್ಲ ಕಡತಗಳನ್ನೂ ಯೂನಿಕೋಡಿಗೆ ಪರಿವರ್ತಿಸಿ, ಸ್ಕ್ರೈಬಸ್ ಅಥವಾ ಇನ್‌ಡಿಸೈನ್ ಎಂಬ ಈಗಿನ ಪುಟವಿನ್ಯಾಸ ತಂತ್ರಾಂಶದಲ್ಲಿ ಕೆಲಸ ಮುಂದುವರಿಸಿ. ಸ್ಕ್ರೈಬಸ್ಸಿನ 1.5.3ನೇ ಆವೃತ್ತಿಯಿಂದ ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡುತ್ತಿವೆ.

ಪ್ಲೇಟ್‌ಮೇಕರ್ | ಸೋಮವಾರ, ರಾತ್ರಿ 8.40

ಪಠ್ಯವನ್ನು ಪರಿವರ್ತಿಸಬಹುದು, ಪುಟವನ್ನು ಪರಿವರ್ತಿಸಲು ಬರುವುದಿಲ್ಲ. ಅಚ್ಚಿನಮನೆಯವರ ಬಳಿ ಬರುವ ಗಿರಾಕಿ ‘ಅಣ್ಣನ ಮದುವೆಗೆ ಮಾಡಿಕೊಟ್ಟಿದ್ದಿರಲ್ಲ, ಹಾಗೆಯೇ ಮಾಡಿಕೊಡಿ’ ಎನ್ನುತ್ತಾನೆ. ಅವನಿಗೆ ಬೇಕಾದುದು ಅದೇ ಅಂಚು, ಅದೇ ಗಣಪತಿ, ಅದೇ ಅಕ್ಷರದ ಬಳುಕು. ಯೂನಿಕೋಡ್ ಫಾಂಟಿಗೆ ತಂದ ಕೂಡಲೇ ಅಕ್ಷರಗಳ ಅಗಲ ಬದಲಾಗಿ, ಸಾಲುಗಳು ಬೇರೆಡೆ ಮುರಿದು, ಒಂದು ಪುಟದ್ದು ಒಂದೂಕಾಲು ಪುಟವಾಗುತ್ತದೆ. ಹೊಸ ಕೆಲಸಕ್ಕೆ ಯೂನಿಕೋಡ್ ಬಳಸುವುದನ್ನು ನಾನೂ ಒಪ್ಪುತ್ತೇನೆ.

ಸಂಕೇತಾಕ್ಷರ | ಸೋಮವಾರ, ರಾತ್ರಿ 8.58

ಲಗ್ನಪತ್ರಿಕೆಗೆ ನಿಮ್ಮ ಮಾತು ಸರಿ. ಸ್ಮರಣ ಸಂಚಿಕೆಗಳ ಲೇಖನಗಳಿಗೆ ಏನು ಹೇಳುವಿರಿ? ಅವು ಊರಿನ ಚರಿತ್ರೆ. ಹಳೆಯ ಫಾಂಟಿನಲ್ಲಿ ಉಳಿದರೆ ಯಾವ ಹುಡುಕಾಟದಲ್ಲಿಯೂ ಸಿಗುವುದಿಲ್ಲ.

ಕೀಲಿಮಣೆ_ಕಿಟ್ಟಣ್ಣ | ಸೋಮವಾರ, ರಾತ್ರಿ 9.30

ಪರಿವರ್ತನೆಯನ್ನು ನಾನೂ ಮಾಡಿದ್ದೇನೆ, ಆದ್ದರಿಂದ ಎಚ್ಚರಿಕೆಯ ಒಂದು ಮಾತು. ಹಳೆಯ ಫಾಂಟುಗಳಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಸಂಗ್ರಹವಾಗಿವೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮದಲ್ಲಿ. ‘ಕಾರ್ಯ’ ಎಂಬ ಪದದಲ್ಲಿ ಅರ್ಕಾವೊತ್ತು ಕಣ್ಣಿಗೆ ‘ಯ’ದ ಬಲಕ್ಕೆ ಕಾಣುತ್ತದೆ, ಹಳೆಯ ಕಡತದಲ್ಲಿಯೂ ‘ಯ’ದ ನಂತರವೇ ಕೂತಿರುತ್ತದೆ; ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತಕವು ಅದನ್ನು ಹಿಂದಕ್ಕೆ ಎಳೆದು ತಂದು ಸರಿಯಾದ ಅಕ್ಷರಕ್ಕಿಂತ ಮೊದಲು ಕೂರಿಸಬೇಕು. ಎರಡು ಮೂರು ಒತ್ತುಗಳಿರುವ ಪದ ಬಂದಾಗ ಅದು ಎಡವುತ್ತದೆ. ನನ್ನ ಬಳಿ ಒಂದು ಆಹ್ವಾನ ಪತ್ರಿಕೆಯಲ್ಲಿ ಅಧ್ಯಕ್ಷರ ಹೆಸರೇ ಕೆಟ್ಟು, ಕರಡು ತಿದ್ದುವ ಮೇಷ್ಟ್ರ ಕಣ್ಣಿಗೆ ಬಿದ್ದದ್ದರಿಂದ ಉಳಿದುಕೊಂಡೆ. ಪರಿವರ್ತನೆ ಮಾಡಿದ ಪಠ್ಯವನ್ನು ಮೂಲ ಪುಟದ ಜೊತೆ ಇಟ್ಟು ಹೋಲಿಸಬೇಕು, ಹೋಲಿಸಲು ಮೂಲ ಪುಟ ತೆರೆಯಬೇಕು, ತೆರೆಯಲು ಎಕ್ಸ್‌ಪಿಯೇ ಬೇಕು. ಹಾಗಾಗಿ ಸಂಕೇತಾಕ್ಷರ ಅವರ ದಾರಿಯಲ್ಲಿ ನಡೆಯುವುದಕ್ಕೂ ವರ್ಚುವಲ್ ಯಂತ್ರ ಬೇಕಾಗುತ್ತದೆ.

ಸಂಕೇತಾಕ್ಷರ | ಸೋಮವಾರ, ರಾತ್ರಿ 9.41

ಈ ಕೊನೆಯ ವಾಕ್ಯಕ್ಕೆ ನನ್ನ ಬಳಿ ಉತ್ತರವಿಲ್ಲ. ಪರಿವರ್ತನೆ ಮುಗಿಯುವವರೆಗೆ ಎಂಬ ಷರತ್ತಿನ ಮೇಲೆ ಒಪ್ಪುತ್ತೇನೆ.

ಸೇಬುತೋಟ | ಮಂಗಳವಾರ, ಬೆಳಿಗ್ಗೆ 7.15

ನಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಊರಿನಲ್ಲಿ ತಂದೆಯವರು ಬರಹ ತಂತ್ರಾಂಶದಲ್ಲಿ ಟೈಪು ಮಾಡಿಟ್ಟ ಕಡತಗಳನ್ನು ತೆರೆಯಲು ನನ್ನ ಎಂ1 ಮ್ಯಾಕ್‌ಬುಕ್ಕಿನಲ್ಲಿ ಇದೇ ಪ್ರಯತ್ನ ಮಾಡಿದೆ. ಎಕ್ಸ್‌ಪಿ ಎದ್ದೇಳುವಷ್ಟರಲ್ಲಿ ಕಾಫಿ ಕುಡಿದು ಲೋಟ ತೊಳೆದಿಟ್ಟೆ. ನಿಮಗೆಲ್ಲ ಬೇಗ ಎದ್ದೇಳುವುದು ಹೇಗೆ?

ಪರದೆಯಾಚೆ | ಮಂಗಳವಾರ, ಬೆಳಿಗ್ಗೆ 8.02

ನಿಮ್ಮಲ್ಲಿ ನಡೆದದ್ದು ವರ್ಚುವಲೈಸೇಷನ್ ಅಲ್ಲ, ಎಮ್ಯುಲೇಷನ್. ಎಂ1 ಚಿಪ್ಪಿನ ಭಾಷೆ ಎಆರ್‌ಎಂ, ಎಕ್ಸ್‌ಪಿಯ ಭಾಷೆ ಎಕ್ಸ್86. ಆತಿಥೇಯ ಮತ್ತು ಅತಿಥಿ ಒಂದೇ ಭಾಷೆಯವರಾದರೆ ನೇರವಾಗಿ ಮಾತನಾಡುತ್ತಾರೆ. ಬೇರೆ ಬೇರೆಯಾದರೆ ಪ್ರತಿಯೊಂದು ಸೂಚನೆಗೂ ನಡುವೆ ದುಭಾಷಿ ಬೇಕು. ಆ ದುಭಾಷಿಯ ಕೆಲಸವನ್ನು ಕ್ಯುಎಮು ಮಾಡುತ್ತಿದೆ. ಬರಹದ ಕಡತ ತೆರೆಯುವಷ್ಟಕ್ಕೆ ಅದು ಸಾಕು, ದಿನವಿಡೀ ಪುಟ ಜೋಡಿಸಲು ಸಾಲದು.

ಹಾಸನದಹುಡುಗ | ಮಂಗಳವಾರ, ಬೆಳಿಗ್ಗೆ 9.20

ವರ್ಚುವಲ್ ಯಂತ್ರ ಎಂಬುದು ಕ್ಲೌಡ್ ಯುಗದ ತಂತ್ರಜ್ಞಾನ, ಹಳೆಯ ಎಕ್ಸ್‌ಪಿಯಂಥವನ್ನು ಇಟ್ಟುಕೊಳ್ಳಲು ಹುಟ್ಟಿದ್ದಲ್ಲ ಎಂದು ನಾನು ತಿಳಿದಿದ್ದೆ.

ಕೀಲಿಮಣೆ_ಕಿಟ್ಟಣ್ಣ | ಮಂಗಳವಾರ, ಬೆಳಿಗ್ಗೆ 9.48

ನಿಮ್ಮ ಕ್ಲೌಡಿಗಿಂತ ಇದು ಬಹಳ ಹಿರಿಯದು. ಐಬಿಎಂ ಕಂಪನಿಯು ವಿಎಂ/370 ಎಂಬುದನ್ನು ಹೊರತಂದದ್ದು 1972ರಲ್ಲಿ. ಕೋಣೆಯಷ್ಟು ದೊಡ್ಡ ಒಂದೇ ಮೇನ್‌ಫ್ರೇಮ್ ಗಣಕವನ್ನು ಹಲವರಿಗೆ ಹಲವು ಗಣಕಗಳಂತೆ ಹಂಚಿಕೊಡುವುದು ಅದರ ಕೆಲಸವಾಗಿತ್ತು. ಹಳೆಯದನ್ನು ಹೊಸದರೊಳಗೆ ಇಟ್ಟುಕೊಳ್ಳುವುದಕ್ಕೆ ಬಂದರೆ, ಮೈಕ್ರೋಸಾಫ್ಟೇ 2009ರಲ್ಲಿ ವಿಂಡೋಸ್ 7ರ ಪ್ರೊಫೆಷನಲ್ ಬಳಕೆದಾರರಿಗೆ ‘ಎಕ್ಸ್‌ಪಿ ಮೋಡ್’ ಎಂದು ಇದೇ ಸೌಲಭ್ಯವನ್ನು ಉಚಿತವಾಗಿ ಕೊಟ್ಟಿತ್ತು.

ಅಚ್ಚಿನಮನೆ | ಮಂಗಳವಾರ, ಮಧ್ಯಾಹ್ನ 2.10

ಕಿಟ್ಟಣ್ಣನವರಿಗೆ ದೊಡ್ಡ ನಮಸ್ಕಾರ. ಇಂದು ಹಳೆಯ ಗಣಕ ನಾಲ್ಕನೆಯ ಸಲಕ್ಕೆ ಎದ್ದಿತು. ಲಾಕ್ ಕಿತ್ತಿಟ್ಟು 2004ರ ಒಂದು ವಾರ್ಷಿಕ ವರದಿಯನ್ನು ತೆರೆದೆ; ಅಕ್ಷರಗಳೆಲ್ಲ ಇದ್ದಂತೆಯೇ ಕಂಡವು. ಹೊಸದಾಗಿ ಟೈಪು ಮಾಡುವುದು ಮಾತ್ರ ಆಗಲಿಲ್ಲ, ಅದು ಬೇಕಾಗಿಯೂ ಇಲ್ಲ. ನಿಧಾನಿಯವರು ಹೇಳಿದಂತೆ ಡಿಸ್ಕನ್ನು ಪೂರ್ತಿ ನಕಲು ಮಾಡಿಕೊಂಡೆ, ಫಾಂಟ್ಸ್ ಫೋಲ್ಡರನ್ನು ಬೇರೆಯಾಗಿಯೂ ಎತ್ತಿಟ್ಟೆ.

ಈಗ ಹೊಸ ತೊಡಕು. ವರ್ಚುವಲ್‌ಬಾಕ್ಸ್ ಹಾಕಿ, ತಂದೆಯವರು ಕೊಂಡಿದ್ದ ಎಕ್ಸ್‌ಪಿ ಸಿಡಿಯ ಇಮೇಜ್ ಮಾಡಿಕೊಂಡು ಆರಂಭಿಸಿದರೆ, ಸೆಟಪ್ಪು ನೀಲಿ ಪರದೆಯ ಮೇಲೆ ‘ಹಾರ್ಡ್ ಡಿಸ್ಕ್ ಕಾಣುತ್ತಿಲ್ಲ’ ಎಂದು ಹೇಳಿ ನಿಂತಿತು. ಅದಲ್ಲದೆ ಕಿಟಕಿಯ ಕೆಳಗಡೆ ಹಸಿರು ಆಮೆಯ ಚಿತ್ರ ಬರುತ್ತಿದೆ. ತಮಾಷೆಗೆ ಹಾಕಿದ್ದಾರೋ ಏನೋ ತಿಳಿಯಲಿಲ್ಲ.

ಪರದೆಯಾಚೆ | ಮಂಗಳವಾರ, ಮಧ್ಯಾಹ್ನ 2.35

ಯಂತ್ರ ಸೃಷ್ಟಿಸುವಾಗ ಆವೃತ್ತಿಯ ಜಾಗದಲ್ಲಿ ವಿಂಡೋಸ್ 10 ಅಥವಾ 11 ಎಂದು ಆಯ್ದಿರುವಿರಿ ಎಂದು ಕಾಣುತ್ತದೆ. ಆಗ ಅದು ಡಿಸ್ಕನ್ನು ಸಾಟಾ ಎಂಬ ಹೊಸ ಬಗೆಯ ನಿಯಂತ್ರಕಕ್ಕೆ ಜೋಡಿಸುತ್ತದೆ, ಎಕ್ಸ್‌ಪಿಗೆ ಅದರ ಪರಿಚಯವೇ ಇಲ್ಲ. ಆ ಯಂತ್ರವನ್ನು ಅಳಿಸಿ, ‘ವಿಂಡೋಸ್ ಎಕ್ಸ್‌ಪಿ 32 ಬಿಟ್’ ಎಂದು ಆಯ್ದು ಹೊಸದಾಗಿ ಮಾಡಿ. ಡಿಸ್ಕು ತಾನಾಗಿಯೇ ಹಳೆಯ ಬಗೆಯ ಐಡಿಇ ನಿಯಂತ್ರಕಕ್ಕೆ ಹೋಗುತ್ತದೆ. ಡಿಸ್ಕಿನ ಗಾತ್ರ 20 ಜಿಬಿ ಕೊಡಿ, ತುಂಬಿದಷ್ಟೇ ಜಾಗ ಹಿಡಿಯುವ ಡೈನಾಮಿಕ್ ಬಗೆ ಇರಲಿ.

ಆಮೆ ತಮಾಷೆಯಲ್ಲ. ವರ್ಚುವಲ್‌ಬಾಕ್ಸಿಗೆ ಸಂಸ್ಕಾರಕದ ಸೌಲಭ್ಯ ನೇರವಾಗಿ ಸಿಗದೆ, ವಿಂಡೋಸಿನದೇ ವರ್ಚುವಲ್ ಯಂತ್ರ ವ್ಯವಸ್ಥೆಯಾದ ಹೈಪರ್-ವಿ ಮೂಲಕ ಸುತ್ತು ಹಾಕಿಕೊಂಡು ಹೋಗುತ್ತಿದೆ ಎಂಬುದರ ಗುರುತು ಅದು. ನಿಧಾನವಾಗಬಹುದು ಎಂಬುದಕ್ಕೆ ಆಮೆ.

ಹಾಸನದಹುಡುಗ | ಮಂಗಳವಾರ, ಮಧ್ಯಾಹ್ನ 2.52

ಹೋಮ್ ಆವೃತ್ತಿಯಲ್ಲಿ ಹೈಪರ್-ವಿ ಇರುವುದಿಲ್ಲ. ಅದು ಪ್ರೊ, ಎಂಟರ್‌ಪ್ರೈಸ್ ಮತ್ತು ಎಜುಕೇಷನ್ ಆವೃತ್ತಿಗಳಲ್ಲಿ ಮಾತ್ರ ಬರುತ್ತದೆ.

ಪರದೆಯಾಚೆ | ಮಂಗಳವಾರ, ಮಧ್ಯಾಹ್ನ 3.06

ಹೋಮ್ ಆವೃತ್ತಿಯಲ್ಲಿ ಇಲ್ಲದಿರುವುದು ಹೈಪರ್-ವಿಯ ಬಳಕೆದಾರರ ಸಲಕರಣೆ. ಅದರ ತಳದಲ್ಲಿದ್ದು ವರ್ಚುವಲ್ ಯಂತ್ರಗಳನ್ನು ನಡೆಸುವ ಹೈಪರ್‌ವೈಸರ್ ಎಲ್ಲ ಆವೃತ್ತಿಗಳಲ್ಲಿಯೂ ಇದೆ. ವಿಂಡೋಸ್ ಸೆಕ್ಯುರಿಟಿಯ ‘ಕೋರ್ ಐಸೊಲೇಷನ್’ ಪುಟದಲ್ಲಿ ‘ಮೆಮೊರಿ ಇಂಟೆಗ್ರಿಟಿ’ ಎಂಬ ರಕ್ಷಣೆ ಚಾಲೂ ಇದ್ದರೆ ಆ ಹೈಪರ್‌ವೈಸರ್ ಕೆಲಸ ಮಾಡುತ್ತಿರುತ್ತದೆ, ಹೊಸ ಗಣಕಗಳಲ್ಲಿ ಅದು ಸಾಮಾನ್ಯವಾಗಿ ಚಾಲೂ ಆಗಿಯೇ ಬರುತ್ತದೆ.

ಹಾಸನದಹುಡುಗ | ಮಂಗಳವಾರ, ಮಧ್ಯಾಹ್ನ 3.11

ತಿದ್ದಿಕೊಂಡೆ. ಹಾಗಾದರೆ ಆ ರಕ್ಷಣೆಯನ್ನು ಆಫ್ ಮಾಡಿಬಿಟ್ಟರೆ ಆಮೆ ಹೋಗುತ್ತದೆಯಲ್ಲವೇ?

ಪ್ಲೇಟ್‌ಮೇಕರ್ | ಮಂಗಳವಾರ, ಮಧ್ಯಾಹ್ನ 3.30

ಹೋಗುತ್ತದೆ, ಜೊತೆಗೆ ರಕ್ಷಣೆಯೂ ಹೋಗುತ್ತದೆ. ಗಿರಾಕಿಗಳ ಪೆನ್‌ಡ್ರೈವ್ ದಿನಕ್ಕೆ ಹತ್ತು ಚುಚ್ಚುವ ಗಣಕದಲ್ಲಿ ಅದನ್ನು ಆಫ್ ಮಾಡುವ ಸಲಹೆಯನ್ನು ನಾನಂತೂ ಕೊಡಲಾರೆ. ಎಕ್ಸ್‌ಪಿಯೂ ಪೇಜ್‌ಮೇಕರೂ ಎಷ್ಟು ಹಗುರವೆಂದರೆ ಆಮೆಯ ಮೇಲೆ ಕೂತರೂ ಹಳೆಯ ಗಣಕಕ್ಕಿಂತ ಮುಂದೆಯೇ ಇರುತ್ತವೆ. ಮೊದಲು ಬಳಸಿ ನೋಡಿ, ಸಾಲದಿದ್ದರೆ ಆಮೇಲೆ ಯೋಚಿಸಿ.

ಟಕ್ಸ್‌ಬಳಗ | ಮಂಗಳವಾರ, ಸಂಜೆ 5.00

ಲಿನಕ್ಸಿನಲ್ಲಿ ಈ ಆಮೆಯ ಕಾಟವಿಲ್ಲ ಎಂದು ಹೇಳಲು ಬಂದೆ. ಆದರೆ ಪ್ರಾಮಾಣಿಕವಾಗಿ ಹೇಳುವುದಾದರೆ ಅಲ್ಲಿ ಬೇರೆ ಕಾಟವಿದೆ. ಕರ್ನೆಲ್ 6.12ರಿಂದ ಈಚೆಗೆ ಕೆವಿಎಂ ಮೊದಲೇ ಸಂಸ್ಕಾರಕದ ಸೌಲಭ್ಯವನ್ನು ಹಿಡಿದು ಕೂರುವುದರಿಂದ ವರ್ಚುವಲ್‌ಬಾಕ್ಸ್ ಯಂತ್ರ ಏಳಲು ನಿರಾಕರಿಸಬಹುದು. ಕೆವಿಎಂ ಮಾಡ್ಯೂಲನ್ನು ಕರ್ನೆಲ್ಲಿನಿಂದ ತೆಗೆದರೆ ಸರಿಹೋಗುತ್ತದೆ. ಸಹಿಯಿಲ್ಲದ್ದನ್ನು ತಡೆಯುವ ಸೆಕ್ಯೂರ್ ಬೂಟ್ ಚಾಲೂ ಇದ್ದರೆ ವರ್ಚುವಲ್‌ಬಾಕ್ಸಿನ ಮಾಡ್ಯೂಲಿಗೆ ಸಹಿ ಹಾಕುವ ಕೆಲಸ ಇನ್ನೊಂದು.

ಕೀಲಿಮಣೆ_ಕಿಟ್ಟಣ್ಣ | ಮಂಗಳವಾರ, ಸಂಜೆ 5.45

ಅಚ್ಚಿನಮನೆಯವರೇ, ಪರವಾನಗಿಯ ಬಗ್ಗೆ ಎರಡು ಮಾತು, ಏಕೆಂದರೆ ನಿಮ್ಮದು ವ್ಯಾಪಾರದ ಜಾಗ. ವರ್ಚುವಲ್‌ಬಾಕ್ಸಿನ ಮೂಲ ತಂತ್ರಾಂಶ ಮುಕ್ತ ಪರವಾನಗಿಯದು, ಮುದ್ರಣಾಲಯದಲ್ಲಿ ಬಳಸಲು ಅಡ್ಡಿಯಿಲ್ಲ. ಅದರ ಪಕ್ಕದಲ್ಲೇ ಸಿಗುವ, ಹೆಚ್ಚುವರಿ ಸೌಲಭ್ಯಗಳ ‘ಎಕ್ಸ್‌ಟೆನ್ಷನ್ ಪ್ಯಾಕ್’ ಮಾತ್ರ ವೈಯಕ್ತಿಕ ಬಳಕೆಗೆ ಮತ್ತು ಪರೀಕ್ಷಿಸಿ ನೋಡಲು ಉಚಿತ, ವ್ಯಾಪಾರಕ್ಕಲ್ಲ. ಅದನ್ನು ಹಾಕಬೇಡಿ, ನಿಮಗೆ ಬೇಕಾಗಿಯೂ ಇಲ್ಲ. ಯುಎಸ್‌ಬಿ 2 ಮತ್ತು 3ರ ಸೌಲಭ್ಯ 7.0ನೇ ಆವೃತ್ತಿಯಿಂದ ಮೂಲ ತಂತ್ರಾಂಶದಲ್ಲಿಯೇ ಇದೆ. ಎಕ್ಸ್‌ಪಿಗೆ 2ನ್ನು ಆಯ್ದುಕೊಳ್ಳಿ, 3 ಅದಕ್ಕೆ ಅರ್ಥವಾಗುವುದಿಲ್ಲ. ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ ಕೂಡ 2024ರ ನವೆಂಬರಿನಿಂದ ವ್ಯಾಪಾರಿ ಬಳಕೆಗೂ ಉಚಿತವಾಗಿದೆ, ಬೇಕಿದ್ದರೆ ಅದನ್ನೂ ನೋಡಬಹುದು.

ಎಕ್ಸ್‌ಪಿಯದು ಯಾವ ಪರವಾನಗಿ? ಗಣಕದ ಜೊತೆಯಲ್ಲೇ ಬಂದ ಓಇಎಂ ಆಗಿದ್ದರೆ ಅದು ಆ ಗಣಕಕ್ಕೇ ಕಟ್ಟಿದ್ದು. ಬೇರೆಯಾಗಿ ಪೆಟ್ಟಿಗೆಯಲ್ಲಿ ಕೊಂಡದ್ದಾದರೆ ಹಳೆಯದರಿಂದ ತೆಗೆದು ಇಲ್ಲಿಗೆ ತರಬಹುದು.

ಅಚ್ಚಿನಮನೆ | ಮಂಗಳವಾರ, ಸಂಜೆ 6.20

ಪೆಟ್ಟಿಗೆಯಲ್ಲಿ ಕೊಂಡದ್ದೇ. ತಂದೆಯವರು ಬಿಲ್ಲನ್ನೂ ಪೆಟ್ಟಿಗೆಯನ್ನೂ ಬೀರುವಿನಲ್ಲಿ ಇಟ್ಟಿದ್ದರು, ನಾವು ನಗುತ್ತಿದ್ದೆವು.

ಪ್ಲೇಟ್‌ಮೇಕರ್ | ಮಂಗಳವಾರ, ರಾತ್ರಿ 7.50

ಮುದ್ರಣದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ನಾನು ಹೇಳುತ್ತೇನೆ. ನಿಮ್ಮ ಹೊಸ ಲೇಸರ್ ಪ್ರಿಂಟರಿಗೆ ಎಕ್ಸ್‌ಪಿಯ ಚಾಲಕ ಹುಡುಕುವ ಗೋಜಿಗೆ ಹೋಗಬೇಡಿ. ಅತಿಥಿಯೊಳಗೆ ಪುಟವನ್ನು ವಿವರಿಸುವ ಪೋಸ್ಟ್‌ಸ್ಕ್ರಿಪ್ಟ್ (ಪಿಎಸ್) ಭಾಷೆಯ ಒಂದು ಪ್ರಿಂಟರನ್ನು ಸ್ಥಾಪಿಸಿ, ಅದರ ಪೋರ್ಟನ್ನು ‘ಫೈಲ್’ ಎಂದು ಇಡಿ. ಎಕ್ಸ್‌ಪಿಯಲ್ಲೇ ಅಂಥ ಚಾಲಕಗಳು ಹಲವಿವೆ. ಪೇಜ್‌ಮೇಕರಿನಿಂದ ಅದಕ್ಕೆ ಮುದ್ರಿಸಿದರೆ ಒಂದು ಪಿಎಸ್ ಕಡತ ಸಿಗುತ್ತದೆ, ಫಾಂಟುಗಳನ್ನು ಅದರೊಳಗೇ ಸೇರಿಸುವ ಆಯ್ಕೆಯನ್ನು ಮರೆಯಬೇಡಿ. ಆ ಕಡತವನ್ನು ಅತಿಥಿಗೂ ಆತಿಥೇಯಕ್ಕೂ ಕಾಣುವ ಹಂಚಿಕೆಯ ಫೋಲ್ಡರಿನಲ್ಲಿಟ್ಟು, ವಿಂಡೋಸ್ 11ರಲ್ಲಿ ಘೋಸ್ಟ್‌ಸ್ಕ್ರಿಪ್ಟ್ ಎಂಬ ತಂತ್ರಾಂಶದ ಮೂಲಕ ಪಿಡಿಎಫ್ ಮಾಡಿಕೊಳ್ಳಿ. ನಮ್ಮಲ್ಲಿ ಮಿನಿ ಆಫ್‌ಸೆಟ್ಟಿನ ಪ್ಲೇಟಿಗೆ ಹೋಗುವ ಪುಟಗಳು ಇದೇ ದಾರಿಯಲ್ಲಿ ಬರುತ್ತವೆ.

ಹಂಚಿಕೆಯ ಫೋಲ್ಡರಿಗೆ ಅತಿಥಿಯೊಳಗೆ ಹಾಕುವ ‘ಗೆಸ್ಟ್ ಅಡಿಷನ್ಸ್’ ತಂತ್ರಾಂಶ ಬೇಕು. ಹೊಸದು ಎಕ್ಸ್‌ಪಿಯಲ್ಲಿ ತಕರಾರು ಮಾಡಿದರೆ ಹಳೆಯ ಆವೃತ್ತಿಯದನ್ನು ಹಾಕಿ ನೋಡಿ.

ನಿಧಾನಿ | ಮಂಗಳವಾರ, ರಾತ್ರಿ 8.04

ಅತಿಥಿಗೆ ಇಂಟರ್ನೆಟ್ ಕೊಡಬೇಡಿ, ನೆಟ್‌ವರ್ಕ್ ಜಾಗದಲ್ಲಿ ‘ನಾಟ್ ಅಟ್ಯಾಚ್ಡ್’ ಎಂದು ಇಡಿ.

ಸಂಕೇತಾಕ್ಷರ | ಮಂಗಳವಾರ, ರಾತ್ರಿ 8.15

ನಿಧಾನಿಯವರ ಮಾತಿಗೆ ಒಂದು ಸೇರಿಸುತ್ತೇನೆ. ಹಂಚಿಕೆಯ ಫೋಲ್ಡರ್ ಕೂಡ ಒಂದು ಬಾಗಿಲೇ. ಇಡೀ ಡಿ ಡ್ರೈವನ್ನು ಹಂಚಬೇಡಿ, ‘ಒಳಗೆ’ ಮತ್ತು ‘ಹೊರಗೆ’ ಎಂದು ಎರಡು ಖಾಲಿ ಫೋಲ್ಡರುಗಳನ್ನು ಮಾಡಿ ಅವನ್ನಷ್ಟೇ ಹಂಚಿ. ‘ಒಳಗೆ’ ಎಂಬುದನ್ನು ಓದಲು ಮಾತ್ರ ಎಂದು ಗುರುತು ಹಾಕಿ.

ಅಚ್ಚಿನಮನೆ | ಗುರುವಾರ, ಬೆಳಿಗ್ಗೆ 11.25

ಎರಡು ದಿನದ ವರದಿ. ಎಕ್ಸ್‌ಪಿ ಈ ಸಲ ತಕರಾರಿಲ್ಲದೆ ಕೂತಿತು. ಮೊದಲ ಸಲ ಮೌಸ್ ಒಳಗಡೆಯೇ ಸಿಕ್ಕಿಹಾಕಿಕೊಂಡು ಹೊರಗೆ ಬಾರದೆ ಹತ್ತು ನಿಮಿಷ ಪೇಚಾಡಿದೆ. ಬಲಗಡೆಯ ಕಂಟ್ರೋಲ್ ಕೀಲಿ ಒತ್ತಿದರೆ ಬಿಡುತ್ತದೆ ಎಂಬುದನ್ನು ಅಕ್ಕನ ಮಗ ಫೋನಿನಲ್ಲಿ ಹೇಳಿದ. ಪೇಜ್‌ಮೇಕರ್, ಎರಡೂ ಬಗೆಯ ಫಾಂಟುಗಳು, ನುಡಿ ಎಲ್ಲವೂ ಬಂದವು. ಆಮೆ ಇದ್ದಲ್ಲೇ ಇದೆ, 96 ಪುಟದ ಸ್ಮರಣ ಸಂಚಿಕೆಯನ್ನು ತಿರುವಿದರೂ ಅದು ಇರುವುದು ಗೊತ್ತಾಗಲಿಲ್ಲ.

ಒಂದೇ ತೊಂದರೆ ಉಳಿದಿದೆ. ನುಡಿಯಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಬದಲಾಯಿಸಲು ಸ್ಕ್ರಾಲ್ ಲಾಕ್ ಒತ್ತಬೇಕು. ಹೊಸ ಗಣಕದ ಜೊತೆ ಬಂದ ಚಿಕ್ಕ ಕೀಲಿಮಣೆಯಲ್ಲಿ ಆ ಕೀಲಿಯೇ ಇಲ್ಲ!

ಕೀಲಿಮಣೆ_ಕಿಟ್ಟಣ್ಣ | ಗುರುವಾರ, ಬೆಳಿಗ್ಗೆ 11.40

ವರ್ಚುವಲ್‌ಬಾಕ್ಸ್ ಕಿಟಕಿಯ ‘ಇನ್‌ಪುಟ್’ ಮೆನುವಿನಲ್ಲಿ ಕೀಲಿಮಣೆಯ ಕೆಳಗೆ ‘ಸಾಫ್ಟ್ ಕೀಬೋರ್ಡ್’ ಎಂದು ಇದೆ. 6.1ನೇ ಆವೃತ್ತಿಯಿಂದ ಬಂದ ಸೌಲಭ್ಯ ಅದು. ಪರದೆಯ ಮೇಲೆ ಪೂರ್ತಿ ಕೀಲಿಮಣೆ ಮೂಡುತ್ತದೆ, ಅದರಲ್ಲಿ ಸ್ಕ್ರಾಲ್ ಲಾಕ್ ಒತ್ತಿ. ದಿನಕ್ಕೆ ನೂರು ಸಲ ಬದಲಾಯಿಸುವವರಾದರೆ ಅದು ಬೇಸರ ತರಿಸುತ್ತದೆ. ಹಳೆಯ ಗಣಕದ ಉದ್ದನೆಯ ಕೀಲಿಮಣೆಯನ್ನೇ ತಂದು ಚುಚ್ಚಿಕೊಳ್ಳುವುದು ಉತ್ತಮ.

ಅಚ್ಚಿನಮನೆ | ಗುರುವಾರ, ಮಧ್ಯಾಹ್ನ 12.30

ಹಳೆಯದು ದುಂಡು ಪಿನ್ನಿನ ಕೀಲಿಮಣೆ, ಹೊಸದರಲ್ಲಿ ಆ ತೂತು ಇಲ್ಲ. ಸಾಫ್ಟ್ ಕೀಬೋರ್ಡ್ ಕೆಲಸ ಮಾಡಿತು. ಪೇಟೆಗೆ ಹೋದಾಗ ಉದ್ದನೆಯ ಯುಎಸ್‌ಬಿ ಕೀಲಿಮಣೆ ತರುತ್ತೇನೆ.

ಹಾಸನದಹುಡುಗ | ಗುರುವಾರ, ಮಧ್ಯಾಹ್ನ 12.55

ಎಲ್ಲ ಸರಿಯಾದ ಮೇಲೆ ಯಂತ್ರದ ಆ ಕ್ಷಣದ ಸ್ಥಿತಿಯನ್ನು ಹಿಡಿದಿಡುವ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ, ಬ್ಯಾಕಪ್ಪಿನ ಚಿಂತೆ ಇರುವುದಿಲ್ಲ.

ಪರದೆಯಾಚೆ | ಗುರುವಾರ, ಮಧ್ಯಾಹ್ನ 1.08

ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ! ಅದು ಅದೇ ಎಸ್‌ಎಸ್‌ಡಿಯ ಮೇಲೆ, ಮೂಲ ಡಿಸ್ಕ್ ಕಡತವನ್ನು ಅವಲಂಬಿಸಿಯೇ ಇರುತ್ತದೆ. ಎಸ್‌ಎಸ್‌ಡಿ ಹೋದರೆ ಎರಡೂ ಒಟ್ಟಿಗೆ ಹೋಗುತ್ತವೆ. ಏನಾದರೂ ಹೊಸದನ್ನು ಹಾಕುವ ಮುಂಚೆ ಹಿಂದಿರುಗಲು ಒಂದು ಗುರುತಾಗಿ ಅದನ್ನು ಬಳಸಿ. ಬ್ಯಾಕಪ್ಪಿಗೆ ಅತಿಥಿಯನ್ನು ಪೂರ್ತಿ ಶಟ್‌ಡೌನ್ ಮಾಡಿ, ಆ ಯಂತ್ರದ ಇಡೀ ಫೋಲ್ಡರನ್ನು ಎರಡು ಬೇರೆ ಕಡೆ ನಕಲು ಮಾಡಿಡಿ. ಈ ಗಣಕ ಕೆಟ್ಟರೂ ಇನ್ನೊಂದರಲ್ಲಿ ವರ್ಚುವಲ್‌ಬಾಕ್ಸ್ ಹಾಕಿ ಆ ಫೋಲ್ಡರನ್ನು ತೆರೆದರೆ ಅಚ್ಚುಕೂಟ ಅರ್ಧ ಗಂಟೆಯಲ್ಲಿ ಮತ್ತೆ ನಡೆಯುತ್ತದೆ.

ಅಚ್ಚಿನಮನೆ | ಗುರುವಾರ, ಸಂಜೆ 4.45

ಶಟ್‌ಡೌನ್ ಮಾಡಿ ನಕಲು ಮಾಡಲು ಕೂತಿದ್ದೇನೆ. ಡಿಸ್ಕ್ ಕಡತ 6 ಜಿಬಿ ಆಗಿದೆ. 32 ಜಿಬಿಯ ಖಾಲಿ ಪೆನ್‌ಡ್ರೈವಿಗೆ ಹಾಕಿದರೆ ‘ಕಡತ ತುಂಬ ದೊಡ್ಡದು’ ಎನ್ನುತ್ತಿದೆ. ಇದೇನು ಹೊಸ ತಮಾಷೆ?

ನಿಧಾನಿ | ಗುರುವಾರ, ಸಂಜೆ 4.52

ಪೆನ್‌ಡ್ರೈವ್ ಫ್ಯಾಟ್32 ವಿನ್ಯಾಸದಲ್ಲಿದೆ, ಅದು 4 ಜಿಬಿಗಿಂತ ದೊಡ್ಡ ಕಡತವನ್ನು ಹಿಡಿಯುವುದಿಲ್ಲ. ಎಕ್ಸ್‌ಫ್ಯಾಟ್ ಎಂದು ಫಾರ್ಮ್ಯಾಟ್ ಮಾಡಿಕೊಳ್ಳಿ.

ಅಚ್ಚಿನಮನೆ | ಗುರುವಾರ, ಸಂಜೆ 5.20

ಮಾಡಿದೆ, ಹೋಗುತ್ತಿದೆ. ಇನ್ನು ಎಂಟು ನಿಮಿಷ ಎಂದು ತೋರಿಸುತ್ತಿದೆ. ಅಷ್ಟರಲ್ಲಿ ಸಂಕೇತಾಕ್ಷರ ಅವರಿಗೊಂದು ಪ್ರಶ್ನೆ: 2003ರ ಸ್ಮರಣ ಸಂಚಿಕೆಯಿಂದ ಒಂದು ಲೇಖನವನ್ನು ಕಳುಹಿಸಿದರೆ ಯೂನಿಕೋಡಿಗೆ ಮಾಡಿಕೊಡುವಿರಾ? ಮೂಲ ಪುಟದ ಪಿಡಿಎಫ್ ಜೊತೆಗಿಡುತ್ತೇನೆ, ಅರ್ಕಾವೊತ್ತುಗಳನ್ನು ಹೋಲಿಸಿ ನೋಡಬಹುದು.

ಸಂಕೇತಾಕ್ಷರ | ಗುರುವಾರ, ಸಂಜೆ 5.31

ಖಂಡಿತ ಕಳುಹಿಸಿ. ಕರಡು ತಿದ್ದಲು ಕಿಟ್ಟಣ್ಣನವರ ಮೇಷ್ಟ್ರು ಬಿಡುವಾಗಿದ್ದಾರೆಯೇ ಎಂದು ವಿಚಾರಿಸಿ.